ಇಪ್ಪತ್ತೇಳು ಪೌಂಡು

ಬಸ್ಸು ಹೊಳೆನರಸೀಪುರ ಬಿಟ್ಟು ಮೂರು ಮೈಲಿ ಹೋಗುವುದರೊಳಗೆ ಮಂಚಯ್ಯ ಮೊಣಕೈ ಉಜ್ಜಿಕೊಳ್ಳಲು ಶುರುಮಾಡಿದ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಹೊನ್ನಕ್ಕ ಮೊದಲು ಗಮನ ಕೊಡಲಿಲ್ಲ. ಅವಳ ಮನಸ್ಸೆಲ್ಲ ಊರಿನಲ್ಲಿತ್ತು. ನಾದಿನಿ ಮಾದಮ್ಮನನ್ನು ನೋಡಲು ಗಂಡಿನ ಕಡೆಯವರು ಅವತ್ತು ಮಧ್ಯಾಹ್ನ ಬರುವವರಿದ್ದರು. ಮನೆ ಸಾರಿಸಬೇಕು, ಅಕ್ಕಿ ಹಸನು ಮಾಡಬೇಕು, ಹುಡುಗಿಗೆ ತಲೆ ಬಾಚಬೇಕು. ಅಣ್ಣ ಅತ್ತಿಗೆ ಇಬ್ಬರೂ ಅಷ್ಟು ಹೊತ್ತಿಗೆ ಅಲ್ಲಿರದಿದ್ದರೆ ಹೇಗೆ?

ಮಂಚಯ್ಯ ಈಗ ಹೊಟ್ಟೆ ಕೆರೆದುಕೊಂಡ, ಆಮೇಲೆ ತೊಡೆ.

“ಏನಾಯ್ತು?” ಎಂದಳು.

“ಏನೂ ಇಲ್ಲ ಕಣಮ್ಮಿ. ರಾತ್ರಿಯೆಲ್ಲ ಗುದ್ಲಿ ಇಡ್ದಿದ್ನಲ್ಲ, ಕೀಲು ಇಡ್ಕಂಡದೆ. ಮೈ ಮ್ಯಾಲೆ ಇರುವೆ ಅರ್ದಂಗೆ ಆಯ್ತದೆ, ಅಷ್ಟೇಯ.”

ಹೊನ್ನಕ್ಕ ತಟ್ಟನೆ ಅವನ ಕಡೆ ತಿರುಗಿದಳು. ಇರುವೆ ಹರಿದ ಹಾಗೆ ಎಂಬ ಮಾತನ್ನು ಅವಳು ಸೇತುವೆ ಕೆಲಸದ ಹಟ್ಟಿಯಲ್ಲಿ ಬೇರೆ ಹೆಂಗಸರ ಬಾಯಲ್ಲಿ ಕೇಳಿದ್ದಳು. ಅದು ಗಾಳಿ ಬಾವಿಗೆ ಇಳಿದು ಕಾಯಿಲೆ ಬಿದ್ದವರ ಮಾತು.

ಅರವತ್ತೇಳನೇ ಇಸವಿಯ ಬೇಸಿಗೆಯ ಶುರು ಅದು. ಹೊಳೆಗೆ ಹೊಸ ಸೇತುವೆಯ ಕೆಲಸ ನಡೆಯುತ್ತಿತ್ತು. ಕಂಬ ನಿಲ್ಲಿಸಲು ಹೊಳೆಯ ಮಧ್ಯೆ ದೊಡ್ಡ ದೊಡ್ಡ ಬಾವಿ ಇಳಿಸುತ್ತಿದ್ದರು. ಎರಡು ಬಾವಿಗೆ ಬಂಡೆ ಬೇಗ ಸಿಕ್ಕಿತು. ಮೂರನೆಯದು ಇಳಿದಷ್ಟೂ ಮರಳು, ಇಳಿದಷ್ಟೂ ನೀರು. ಆಗ ಕಂತ್ರಾಟಿನವರು ಬಾವಿಯ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ, ಕಂಪ್ರೆಸರಿನಿಂದ ಒಳಕ್ಕೆ ಗಾಳಿ ತುಂಬಿಸಿದರು. ಗಾಳಿಯ ಒತ್ತಡಕ್ಕೆ ನೀರು ಹಿಂದೆ ಸರಿದು ತಳ ಒಣಗುತ್ತದೆ; ಆಳುಗಳು ಅಲ್ಲಿ ನಿಂತು ಅಗೆಯುತ್ತಾರೆ. ನೀರಿನ ಮಟ್ಟದಿಂದ ಐವತ್ತೈದು ಅಡಿ ಕೆಳಗೆ, ಇಪ್ಪತ್ತನಾಲ್ಕು ಪೌಂಡು ಒತ್ತಡದಲ್ಲಿ. ಲಾರಿ ಟೈರಿನೊಳಗೆ ಕೂತ ಹಾಗೆ ಎಂದು ಷಡಕ್ಷರಿ ಹೇಳಿಕೊಟ್ಟಿದ್ದ.

ಷಡಕ್ಷರಿ ಚನ್ನರಾಯಪಟ್ಟಣದವನು. ಅಕ್ಕಿ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಂಡಿದ್ದವನು, ಇಲ್ಲಿ ಗಾಳಿಯ ಯಜಮಾನ. ಬಾವಿಯ ಮೇಲ್ಗಡೆ ಒಂದು ಸಣ್ಣ ಕಬ್ಬಿಣದ ಕೋಣೆ ಇತ್ತು. ಕೆಳಗಿನಿಂದ ಹತ್ತಿ ಬಂದವರು ಅದರೊಳಗೆ ಕೂರಬೇಕು. ಷಡಕ್ಷರಿ ಹೊರಗಿನಿಂದ ವಾಲ್ವು ತಿರುಗಿಸಿ, ಗೇಜಿನ ಮುಳ್ಳು ನೋಡುತ್ತ ಕೋಣೆಯ ಗಾಳಿಯನ್ನು ಇಷ್ಟಿಷ್ಟೇ ಬಿಡುತ್ತಾನೆ. ಐವತ್ತು ನಿಮಿಷ. ಅದಕ್ಕೆ ಮೊದಲು ಬಾಗಿಲು ತೆಗೆಯುವ ಹಾಗಿಲ್ಲ.

ಅವತ್ತು ಬೆಳಿಗ್ಗೆ ಆರಕ್ಕೆ ಪಾಳಿ ಮುಗಿದಿತ್ತು. ಆರೂಮುಕ್ಕಾಲಿಗೆ ಬಸ್ಸು. ದಡದಲ್ಲಿ ಮರಳು ಹೊರುವ ಹೊನ್ನಕ್ಕ ಅವತ್ತು ಕೆಲಸಕ್ಕೆ ಹೋಗದೆ, ಗಂಟು ಕಟ್ಟಿಕೊಂಡು ಹಲಗೆ ಸೇತುವೆ ದಾಟಿ ಬಾವಿಯ ಮೇಲಕ್ಕೇ ಬಂದಿದ್ದಳು. ಕಲ್ಲೊಂದನ್ನು ತೆಗೆದುಕೊಂಡು ಕಬ್ಬಿಣದ ಕೋಣೆಗೆ ಬಡಿದಿದ್ದಳು.

“ಸಾಮಿ, ಈ ಬಸ್ಸು ತೆಪ್ಪುದ್ರೆ ಅನ್ನೊಂದು ಗಂಟೆ ತಂಕ ಇಲ್ಲ. ಗಂಡಿನೋರು ಬಂದ್ಬುಡ್ತಾರೆ.”

“ಇನ್ನೂ ಅರ್ಧ ಗಂಟೆ ಅದೆ ಕಣಮ್ಮ,” ಎಂದಿದ್ದ ಷಡಕ್ಷರಿ. ಅವಳು ಮತ್ತೆ ಬಡಿದಳು. ಒಳಗಿದ್ದ ನಾಲ್ವರೂ ಅದಕ್ಕೆ ಉತ್ತರವಾಗಿ ಒಳಗಿನಿಂದ ಗುದ್ದಿದರು. ರಾತ್ರಿಯೆಲ್ಲ ಎದ್ದಿದ್ದ ಷಡಕ್ಷರಿಗೂ ಮನೆಗೆ ಹೋಗಬೇಕಿತ್ತು. “ಇದೊಂದ್ಸಲ ಅಂತ ಬುಡ್ತಾ ಇವ್ನಿ,” ಎಂದು ಉಳಿದ ಗಾಳಿಯನ್ನೆಲ್ಲ ಒಮ್ಮೆಗೇ ಬಿಟ್ಟು ಇಪ್ಪತ್ತು ನಿಮಿಷಕ್ಕೇ ಬಾಗಿಲು ತೆಗೆದಿದ್ದ.

ಊರಿನ ತಿರುವಿನಲ್ಲಿ ಬಸ್ಸು ನಿಂತಿತು. ಅರಕಲಗೂಡು ಅಲ್ಲಿಂದ ಇನ್ನೂ ನಾಲ್ಕು ಮೈಲಿ. ಮಂಚಯ್ಯ ಕಂಬಿ ಹಿಡಿದು ಇಳಿದ. ಹತ್ತು ಹೆಜ್ಜೆ ನಡೆದವನು ನಿಂತ. ಕೆಳಗೆ ನೋಡಿಕೊಂಡ.

“ಹೊನ್ನಿ, ನನ್ ಕಾಲೆಲ್ಲದೆ?”

ಅವಳು ತಮಾಷೆ ಎಂದುಕೊಂಡಳು. ಅಷ್ಟರಲ್ಲಿ ಅವನು ಮೂಟೆ ಜಾರಿದ ಹಾಗೆ ರಸ್ತೆಯ ಮೇಲೆ ಕುಸಿದ. ಸೊಂಟದಿಂದ ಕೆಳಕ್ಕೆ ಅವನಿಗೆ ಏನೂ ಇರಲಿಲ್ಲ. ನೋವಿಲ್ಲ, ಭಾರವಿಲ್ಲ; ಅವಳು ಚಿವುಟಿದರೆ ಗೊತ್ತಾಗಲಿಲ್ಲ.

ಹೊಲದಲ್ಲಿದ್ದ ಜನ ಓಡಿ ಬಂದರು. ಮಂಚಯ್ಯನ ಸೋದರಮಾವ ಸಣ್ಣಯ್ಯ ಬಂದ. ಕಣ್ಣು, ನಾಲಗೆ ಎಲ್ಲ ನೋಡಿ, “ಗಾಳಿ ಸೋಕದೆ. ಹೊಳೆತಾವ ರಾತ್ರಿಯೆಲ್ಲ ಇದ್ದು ಬಂದವ್ನೆ. ಮಂತ್ರ ಹಾಕ್ಸಾಣ, ಎತ್ಕಳ್ರಲಾ,” ಎಂದ.

“ಗಾಳಿನೇ ಕಣ್ ಮಾವ,” ಎಂದಳು ಹೊನ್ನಕ್ಕ. “ಆದ್ರೆ ನೀನು ಯೋಳೋ ಗಾಳಿ ಅಲ್ಲ. ಬಾವಿ ಗಾಳಿ. ದೊಡ್ಡಾಸ್ಪತ್ರೆಗೆ ವೋಗ್ಬೇಕು.”

ಸಣ್ಣಯ್ಯ ಒಪ್ಪಲಿಲ್ಲ. ಅವಳು ವಾದಕ್ಕೆ ನಿಲ್ಲಲಿಲ್ಲ. ಹೊಗೆಸೊಪ್ಪು ಹೇರಿಕೊಂಡು ಹಾಸನದ ಕಡೆ ಹೊರಟಿದ್ದ ಲಾರಿಯೊಂದು ಬಂತು. ಹೊನ್ನಕ್ಕ ರಸ್ತೆಯ ನಡುವೆ ಹೋಗಿ ಕೈ ಅಗಲಿಸಿ ನಿಂತುಬಿಟ್ಟಳು. ಲಾರಿ ಕೀರಲಿಟ್ಟು ನಿಂತಿತು. ನಾಲ್ಕು ಜನ ಮಂಚಯ್ಯನನ್ನು ಮೂಟೆಗಳ ಮೇಲೆ ಮಲಗಿಸುವಾಗ, ಮಾದಮ್ಮ ಹೊಸ ಸೀರೆ ಉಟ್ಟುಕೊಂಡು ಊರ ದಾರಿಯಲ್ಲಿ ಓಡಿಬರುತ್ತಿರುವುದು ಕಾಣಿಸಿತು. ಅವಳು ತಲುಪುವ ಮೊದಲೇ ಲಾರಿ ಹೊರಟಿತು.

ಹಾಸನದ ಆಸ್ಪತ್ರೆಯಲ್ಲಿ ಅವನನ್ನು ನೋಡಿದ್ದು ಡಾಕ್ಟರ್ ಗಂಗಾಧರಯ್ಯ. ಐವತ್ತರ ಆಸುಪಾಸಿನ ಮನುಷ್ಯ, ತೆಳ್ಳಗೆ, ಮಾತು ಕಡಿಮೆ. ಪಿನ್ನು ಹಿಡಿದು ಮಂಚಯ್ಯನ ಹೆಬ್ಬೆರಳಿನಿಂದ ಮೇಲಕ್ಕೆ ಚುಚ್ಚುತ್ತ ಬಂದರು. ಹೊಕ್ಕುಳಿನವರೆಗೆ ಮಂಚಯ್ಯ ಸುಮ್ಮನಿದ್ದ.

“ಏನು ಕೆಲಸ?”

“ಸೇತುವೆ ಕೆಲ್ಸ ಸಾ. ಗಾಳಿ ಬಾವಿ,” ಎಂದಳು ಹೊನ್ನಕ್ಕ.

ಡಾಕ್ಟರ ಕೈ ನಿಂತಿತು. ತಲೆ ಎತ್ತಿ ಅವಳನ್ನೇ ನೋಡಿದರು. “ಎಷ್ಟು ಪೌಂಡು, ಗೊತ್ತಾ?”

“ಇಪ್ಪತ್ನಾಕು ಅಂತಾರೆ ಸಾ.”

“ಮೇಲೆ ಬಂದಮೇಲೆ ಎಷ್ಟು ಹೊತ್ತು ಲಾಕಿನಲ್ಲಿ, ಆ ಕಬ್ಬಿಣದ ಕೋಣೆಯಲ್ಲಿ, ಕೂರಿಸಿದ್ರು?”

ನಿಜ ಹೇಳಿದರೆ ಷಡಕ್ಷರಿಯ ಕೆಲಸ ಹೋಗುತ್ತದೆ. ತನ್ನ ಕೈಯ ಕಲ್ಲಿನ ವಿಷಯವೂ ಹೇಳಬೇಕಾಗುತ್ತದೆ. “ನಂಗೊತ್ತಿಲ್ಲ ಸಾ,” ಎಂದುಬಿಟ್ಟಳು.

ಗಂಗಾಧರಯ್ಯ ನೌಕಾಪಡೆಯಲ್ಲಿ ಡಾಕ್ಟರಾಗಿ ಕೊಚ್ಚಿಯಲ್ಲಿ ಇದ್ದು ಬಂದವರು. ಸಮುದ್ರದಲ್ಲಿ ಮುಳುಗು ಹಾಕುವವರಿಗೆ ಇದೇ ಕಾಯಿಲೆ ಬರುವುದನ್ನು ಕಂಡವರು. ಅರ್ಧ ಗಂಟೆಯೊಳಗೆ ಆಸ್ಪತ್ರೆಯ ಜೀಪಿಗೆ ಎರಡು ಆಕ್ಸಿಜನ್ ಸಿಲಿಂಡರು ಏರಿಸಿ, ಹಿಂದಿನ ಸೀಟಿನಲ್ಲಿ ಮಂಚಯ್ಯನನ್ನು ಮಲಗಿಸಿ, ಹೊಳೆನರಸೀಪುರದ ರಸ್ತೆ ಹಿಡಿದರು. ಗಾಳಿ ಬಾವಿ ತೋಡುವ ಕಡೆ ಕಾಯಿಲೆಯವರಿಗೆಂದೇ ಒಂದು ಕಬ್ಬಿಣದ ಪೀಪಾಯಿ ಇರಲೇಬೇಕು ಎಂದು ಅವರಿಗೆ ಗೊತ್ತಿತ್ತು.

“ಇವ್ರು ಉಳೀತಾರಾ ಸಾ?”

“ಉಳೀತಾನೆ. ನಡೀತಾನೋ ಇಲ್ಲವೋ ಹೇಳಕ್ಕಾಗಲ್ಲ,” ಎಂದರು. ಆಮೇಲೆ ತಾವಾಗಿಯೇ ಹೇಳಿದರು. “ಗೋಲಿ ಸೋಡಾ ನೋಡಿದ್ದೀಯಲ್ಲಮ್ಮ. ಗೋಲಿ ಒತ್ತಿದ ತಕ್ಷಣ ಗುಳ್ಳೆ ಏಳುತ್ತಲ್ಲ, ಇವನ ಮೈಯಲ್ಲಿ ಆಗಿರೋದೂ ಅದೇ. ಬಾವಿಯೊಳಗೆ ಒತ್ತಡದಲ್ಲಿ ಗಾಳಿ ರಕ್ತಕ್ಕೆ ಸೇರಿಕೊಳ್ಳುತ್ತೆ. ಮೆಲ್ಲಗೆ ಹೊರಗೆ ಬಂದರೆ ಉಸಿರಿನಲ್ಲಿ ಹೋಗುತ್ತೆ. ಗಬಕ್ಕನೆ ಬಂದರೆ ಗುಳ್ಳೆಯಾಗುತ್ತೆ. ಬೆನ್ನುಹುರಿಯಲ್ಲಿ ಗುಳ್ಳೆ ಕೂತಿದೆ. ಮತ್ತೆ ಗಾಳಿ ಒತ್ತಿದರೇ ಅದು ಕುಗ್ಗೋದು.”

ಗಬಕ್ಕನೆ ಎಂಬ ಮಾತು ಕೇಳಿ ಹೊನ್ನಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಪೀಪಾಯಿ ದಡದ ಮೇಲೆ ಅಡ್ಡ ಬಿದ್ದಿತ್ತು. ಇಬ್ಬರು ಮಲಗುವಷ್ಟು ಉದ್ದ, ಒಳಗೆ ಬಗ್ಗಿ ಕೂರುವಷ್ಟು ಎತ್ತರ. ಒಂದು ಕಡೆ ದಪ್ಪ ಬಾಗಿಲು, ಪಕ್ಕದಲ್ಲಿ ಊಟದ ತಟ್ಟೆಯಷ್ಟು ಗಾಜು. ಬಾಗಿಲು ತೆಗೆದರೆ ಒಳಗೆ ಹಗ್ಗದ ಸುರುಳಿ, ಸಿಮೆಂಟಿನ ಖಾಲಿ ಚೀಲ. ಗಂಗಾಧರಯ್ಯನವರ ಮುಖ ಕೆಂಪಾಯಿತು. ಅಷ್ಟರಲ್ಲಿ ಷಡಕ್ಷರಿಯನ್ನೂ ಇಂಜಿನಿಯರನ್ನೂ ಯಾರೋ ಕರೆತಂದರು.

“ಈ ಮನುಷ್ಯನನ್ನು ಎಷ್ಟು ಹೊತ್ತಿನಲ್ಲಿ ಹೊರಗೆ ಬಿಟ್ರಿ?”

ಷಡಕ್ಷರಿ ಮಂಚಯ್ಯನನ್ನು ನೋಡಿದ, ಇಂಜಿನಿಯರನ್ನು ನೋಡಿದ. “ಐವತ್ತು ನಿಮಿಷ ಸಾ.”

“ಪೂರ್ತಿ ಐವತ್ತೇ? ಹಾಗಿದ್ದರೆ ಇದು ಬೇರೆ ಕಾಯಿಲೆ ಇರಬಹುದು. ಬೇರೆ ಕಾಯಿಲೆ ಆದರೆ ಇದರೊಳಗೆ ಹಾಕೋದು ಸರಿಯಲ್ಲ.”

ಕಂಪ್ರೆಸರ್ ಒಂದೇ ಸಮನೆ ಗುಡುಗುಡು ಎನ್ನುತ್ತಿತ್ತು. ಹೊನ್ನಕ್ಕನಿಗೆ ಇನ್ನು ತಡೆಯಲಾಗಲಿಲ್ಲ.

“ಇಲ್ಲ ಸಾ. ಇಪ್ಪತ್ತೇ ನಿಮ್ಸ. ನಾನೇ ಬಸ್ಸು ತೆಪ್ಪೋಯ್ತದೆ ಅಂತ ಕಲ್ಲು ತಕ್ಕಂಡು ಬಡ್ದೆ. ಈ ಸಾಮಿ ಬ್ಯಾಡ ಅಂದ್ರು. ನಾನು ಬುಡ್ಲಿಲ್ಲ. ತೆಪ್ಪು ನಂದು. ಆಸ್ಪತ್ರೇಲಿ ನಿಮ್ಗೆ ಸುಳ್ಳು ಯೋಳ್ದೆ.”

ಷಡಕ್ಷರಿ ತಲೆ ತಗ್ಗಿಸಿದ. “ಬಾಗ್ಲು ತೆಗೆದ ಕೈ ನಂದು ಸಾ,” ಎಂದ. ಆಮೇಲೆ ಪೀಪಾಯಿಯೊಳಗೆ ನುಗ್ಗಿ ಹಗ್ಗ, ಚೀಲ ಎಲ್ಲವನ್ನೂ ಹೊರಕ್ಕೆ ಎಸೆಯತೊಡಗಿದ.

ಪೀಪಾಯಿ ಗುಡಿಸಿ ಒರೆಸಿ, ಕಂಪ್ರೆಸರಿನ ಪೈಪು ಸೇರಿಸಿ, ಆಕ್ಸಿಜನ್ನಿನ ಕೊಳವೆಯನ್ನು ತೂತಿನಿಂದ ಒಳಗೆ ತಂದು ಬಿಗಿ ಮಾಡುವಷ್ಟರಲ್ಲಿ ಹನ್ನೆರಡು ದಾಟಿತ್ತು. ರೋಗಿಯ ಜೊತೆ ಒಬ್ಬರು ಒಳಗೆ ಇರಬೇಕು. ಡಾಕ್ಟರು ಹೋದರೆ ಹೊರಗೆ ಹೊತ್ತು, ಒತ್ತಡ ನೋಡುವವರಿಲ್ಲ. ಷಡಕ್ಷರಿ ಹೋದರೆ ವಾಲ್ವಿಗೆ ಯಾರು? ಬೆಳಿಗ್ಗೆ ಮಂಚಯ್ಯನ ಜೊತೆ ಹೊರಬಂದ ಮೂವರಿಗೆ ಏನೂ ಆಗಿರಲಿಲ್ಲ; ಆದರೂ ಬಾವಿಯ ಆಳುಗಳು ಅವನ ಕಾಲು ನೋಡಿ ದೂರದಲ್ಲೇ ನಿಂತಿದ್ದರು.

“ನಾನು ವೋಯ್ತೀನಿ ಸಾ,” ಎಂದಳು ಹೊನ್ನಕ್ಕ.

“ತಲೆಗೆ ಎಣ್ಣೆ ಹಚ್ಚಿದ್ದೀಯಾ?”

“ಹೂಂ ಸಾ. ಅಳ್ಳೆಣ್ಣೆ.”

“ತೊಳ್ಕೊಂಡು ಬಾ. ಒಂದು ತೊಟ್ಟು ಇರಬಾರದು. ಆಕ್ಸಿಜನ್ ಇರೋ ಕಡೆ ಎಣ್ಣೆ, ಬೀಡಿ, ಬೆಂಕಿಕಡ್ಡಿ ಯಾವುದೂ ಕೂಡದು. ಒಂದು ಕಿಡಿ ಹತ್ತಿದರೆ ಇಬ್ಬರೂ ಬೂದಿ.”

ಹೆಂಗಸರು ಅವಳನ್ನು ಹೊಳೆಗೆ ಕರೆದೊಯ್ದು ಸೀಗೆಪುಡಿ ಹಾಕಿ ತಲೆ ಉಜ್ಜಿದರು. ಒದ್ದೆ ತಲೆಯಲ್ಲೇ ಬಂದವಳಿಗೆ ಗಂಗಾಧರಯ್ಯ ಒಳಗಿನ ಗೇಜು ತೋರಿಸಿದರು. ಅವಳಿಗೆ ಅಂಕಿ ಓದಲು ಬರುವುದಿಲ್ಲ. ಬಿಳಿಯ ಪ್ಲಾಸ್ಟರಿನ ಎರಡು ಚೂರು ಕತ್ತರಿಸಿ ಗೇಜಿನ ಗಾಜಿಗೆ ಅಂಟಿಸಿದರು.

“ಮೇಲಿನದು ಇಪ್ಪತ್ತೇಳು ಪೌಂಡು. ಮುಳ್ಳು ಅಲ್ಲಿಗೆ ಬಂದಾಗ ಈ ರಬ್ಬರ್ ಮುಸುಕನ್ನು ಅವನ ಮೂಗು ಬಾಯಿಗೆ ಬಿಗಿಯಾಗಿ ಇಡು. ಇಪ್ಪತ್ತು ನಿಮಿಷ ಆಕ್ಸಿಜನ್, ಐದು ನಿಮಿಷ ಬಿಡುವು. ನಾನು ಗಾಜಿನಲ್ಲಿ ಕೈ ತೋರಿಸ್ತೀನಿ. ಕೆಳಗಿನದು ಹದಿಮೂರು. ಅಲ್ಲಿಗೆ ಕೊನೆಗೆ ಬರೋದು.” ಒಂದು ಸಣ್ಣ ಮರದ ಕೊಡತಿಯನ್ನು ಅವಳ ಕೈಗಿಟ್ಟರು. “ಒಂದು ಬಡಿತ ಅಂದ್ರೆ ನಿಲ್ಲಿಸಿ. ಎರಡು ಅಂದ್ರೆ ಏರಿಸಿ. ಸತತ ಬಡಿದರೆ ಅಪಾಯ.”

“ಮೇಲಿನ ಗುರುತು ದಾಟುದ್ರೆ?”

“ದಾಟಕೂಡದು. ಒತ್ತಡ ಕಡಿಮೆಯಾದರೆ ಗುಳ್ಳೆ ಕುಗ್ಗಲ್ಲ. ಜಾಸ್ತಿಯಾದರೆ ಅದೇ ಆಕ್ಸಿಜನ್ ವಿಷ ಆಗುತ್ತೆ, ಫಿಟ್ಸ್ ಬರುತ್ತೆ. ಅವನ ಮುಖ ನೋಡ್ತಾ ಇರು. ತುಟಿ ಅದುರಿದರೆ, ಮುಖದ ಯಾವ ಮಾಂಸ ಕುಣಿದರೂ ಸರಿ, ಮೊದಲು ಮುಸುಕು ಕಿತ್ತುಹಾಕು. ನನ್ನನ್ನು ಕೇಳ್ತಾ ಕೂರಬೇಡ.” ಅವರು ಕನ್ನಡಕ ಸರಿಮಾಡಿಕೊಂಡರು. “ಕೊಚ್ಚಿಯಲ್ಲಿ ನಾವು ಬರೀ ಗಾಳಿಯಲ್ಲಿ ಮಾಡ್ತಿದ್ವಿ. ಆಕ್ಸಿಜನ್ ಕೊಡೋದು ಹೊಸ ಕ್ರಮ. ನಾನು ಓದಿದ್ದೀನಿ, ಮಾಡಿಲ್ಲ. ನಿನಗೆ ಗೊತ್ತಿರಲಿ ಅಂತ ಹೇಳ್ದೆ. ಇನ್ನೊಂದು. ನೀನು ಒಳಗೆ ಹೋದಮೇಲೆ ನೀನೂ ಬಾವಿಗೆ ಇಳಿದವಳ ಹಾಗೇ. ಮಧ್ಯದಲ್ಲಿ ಹೊರಗೆ ಬರ್ತೀನಿ ಅಂದ್ರೆ ಬಿಡಕ್ಕಾಗಲ್ಲ.”

ಷಡಕ್ಷರಿ ಮುಸುಕನ್ನು ಮೊದಲು ತನ್ನ ಮುಖಕ್ಕೆ ಹಿಡಿದು, ನಾಲ್ಕು ಉಸಿರು ಎಳೆದು, ಗಾಳಿ ಸರಿಯಾಗಿ ಬರುತ್ತಿದೆಯೆಂದು ನೋಡಿ ಅವಳಿಗೆ ಕೊಟ್ಟ. “ಕಿವಿ ನೋಯ್ತದೆ. ಮೂಗು ಇಡ್ಕಂಡು ಊದು, ಎಂಜ್ಲು ನುಂಗು. ತಡೀನಾರ್ದೆ ವೋದ್ರೆ ಒಂದು ಬಡಿ. ನಾಚ್ಕಬ್ಯಾಡ,” ಎಂದ.

ಬಾಗಿಲು ಮುಚ್ಚಿತು. ಒಳಕ್ಕೆ ತೆರೆಯುವ ಬಾಗಿಲು ಅದು. ಒತ್ತಡ ಏರಿದ ಮೇಲೆ ಹತ್ತು ಆಳು ಎಳೆದರೂ ಬರುವುದಿಲ್ಲ ಎಂದು ಮಂಚಯ್ಯ ಹಿಂದೆ ಯಾವಾಗಲೋ ಹೇಳಿದ್ದ. ಭುಸ್ಸೆಂದು ಗಾಳಿ ನುಗ್ಗಿತು. ಒಲೆಯ ಮುಂದೆ ಕೂತ ಹಾಗೆ ಸೆಕೆ. ಕಿವಿಗೆ ಯಾರೋ ಹೆಬ್ಬೆರಳು ಒತ್ತಿದಂತಾಯಿತು. ಊದಿದಳು, ನುಂಗಿದಳು. ಬಲಗಿವಿ ಟಪ್ಪೆಂದು ಬಿಟ್ಟಿತು. ಎಡಗಿವಿ ಬಿಡಲಿಲ್ಲ; ನೋವು ದವಡೆಗೆ ಇಳಿಯಿತು. ತಡೆದುಕೊಂಡರೆ ಬೇಗ ಆಗುತ್ತದೆ ಎಂದು ಹಲ್ಲು ಕಚ್ಚಿದಳು. ಬೆಳಿಗ್ಗೆಯೂ ಬೇಗ ಆಗಲಿ ಎಂದೇ ಅಲ್ಲವೇ ಎಂದು ಹೊಳೆದು, ಕೊಡತಿ ಎತ್ತಿ ಒಂದು ಬಡಿದಳು. ಗಾಳಿ ನಿಂತಿತು. ಮತ್ತೆ ಊದಿದಳು. ಬಿಟ್ಟಿತು. ಎರಡು ಬಡಿದಳು. ಮುಳ್ಳು ಮೇಲಿನ ಪ್ಲಾಸ್ಟರಿಗೆ ಬಂದು ನಿಂತಿತು.

ಮುಸುಕು ಇಟ್ಟಳು. ಮಂಚಯ್ಯ ಕಣ್ಣು ಮುಚ್ಚಿ ಉಸಿರಾಡಿದ. ಅವಳ ಬಳಿ ಗಡಿಯಾರವಿರಲಿಲ್ಲ. ಅವನ ಉಸಿರು ಎಣಿಸಿದಳು. ಇನ್ನೂರು ದಾಟಿ, ಮುನ್ನೂರಕ್ಕೆ ಹತ್ತಿರವಾದಾಗ ಗಾಜಿನಲ್ಲಿ ಡಾಕ್ಟರ ಕೈ ಕಾಣಿಸಿತು. ಮುಸುಕು ತೆಗೆದು, ಕೊಟ್ಟಿದ್ದ ಪಿನ್ನಿನಿಂದ ಅವನ ಹೆಬ್ಬೆರಳಿಗೆ ಚುಚ್ಚಿದಳು.

“ಗೊತ್ತಾಯ್ತದಾ?” ಅವಳ ದನಿ ಅವಳಿಗೇ ಬೇರೆ ಯಾರದೋ ಎಂಬಂತೆ ಮೂಗಿನಲ್ಲಿ ಬಂತು.

“ಏನು?”

ಇನ್ನೂ ಆಳಕ್ಕೆ ಚುಚ್ಚಿದಳು. ರಕ್ತ ಬಂತು. ಅವನು ಮೇಲಿನ ಕಬ್ಬಿಣ ನೋಡುತ್ತ ಮಲಗಿದ್ದ.

ಹೊನ್ನಕ್ಕ ಗೇಜಿನ ಮುಳ್ಳು ನೋಡಿದಳು. ಇಷ್ಟು ಒತ್ತಡ ಸಾಲದು. ಗುಳ್ಳೆ ಕುಗ್ಗಿಲ್ಲ. ಕೊಡತಿ ಎತ್ತಿ ಎರಡು ಬಡಿದಳು. ಗಾಜಿನಲ್ಲಿ ಗಂಗಾಧರಯ್ಯ ಇಲ್ಲವೆಂದು ತಲೆಯಾಡಿಸಿದರು. ಮತ್ತೆ ಎರಡು ಬಡಿದಳು. ಅವರ ಹಿಂದೆ ಇಂಜಿನಿಯರು ಬಗ್ಗಿ ಏನೋ ಹೇಳುತ್ತಿದ್ದ. ಕೈಯನ್ನು ಮೇಲಕ್ಕೆ, ಮೇಲಕ್ಕೆ ಮಾಡಿ ತೋರಿಸುತ್ತಿದ್ದ. ಏರಿಸಿ ಎನ್ನುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಡಾಕ್ಟರು ಗಡಿಯಾರ ನೋಡುತ್ತ ಕಲ್ಲಿನ ಹಾಗೆ ನಿಂತಿದ್ದರು. ಮುಳ್ಳು ಕದಲಲಿಲ್ಲ. ಓದಿದ್ದೀನಿ, ಮಾಡಿಲ್ಲ ಎಂದವರು ಇವರು. ಆ ಹೊತ್ತಿನಲ್ಲಿ ಅವಳಿಗೆ ಅವರ ಮೇಲೆ ಬಂದಷ್ಟು ಸಿಟ್ಟು ಹಿಂದೆ ಯಾರ ಮೇಲೂ ಬಂದಿರಲಿಲ್ಲ.

ಎರಡನೇ ಸಲ ಮುಸುಕು ಇಟ್ಟಳು. ನೂರು ಉಸಿರು. ನೂರೈವತ್ತು. ಕಬ್ಬಿಣದ ಗೋಡೆಯಲ್ಲಿ ಬೆವರಿನಂತೆ ನೀರು ಇಳಿಯುತ್ತಿತ್ತು. ನೂರ ಎಂಬತ್ತರ ಸುಮಾರಿಗೆ ಮಂಚಯ್ಯನ ಎಡಗಡೆ ತುಟಿಯ ಮೂಲೆ ಸ್ವಲ್ಪ ಮೇಲಕ್ಕೆ ಹೋಯಿತು. ನಗುತ್ತಿದ್ದಾನೆ, ಕಾಲು ಬಂತೇನೋ ಎಂದುಕೊಂಡಳು. ಮತ್ತೆ ಹೋಯಿತು. ನೊಣ ಕೂತಾಗ ದನದ ಚರ್ಮ ಅದುರುವ ಹಾಗೆ ಪಟಪಟನೆ.

ಮುಸುಕು ಕಿತ್ತು ಬಿಸಾಡಿದಳು. ಇನ್ನೊಂದು ಕೈಯಲ್ಲಿ ಕೊಡತಿ ಹಿಡಿದು ಬಡಿದೇ ಬಡಿದಳು. ಮಂಚಯ್ಯನ ಕೆನ್ನೆ ಕುಣಿಯುತ್ತಿತ್ತು, ಬೆರಳುಗಳು ನಡುಗುತ್ತಿದ್ದವು. ಕಣ್ಣು ತೆರೆದಿದ್ದರೂ ಅವಳನ್ನು ನೋಡುತ್ತಿರಲಿಲ್ಲ. ಗಾಜಿನಲ್ಲಿ ಡಾಕ್ಟರ ಮುಖ ಅಂಟಿಕೊಂಡಿತ್ತು. ಒಂದು ಕೈ ಚಾಚಿ ಷಡಕ್ಷರಿಯನ್ನು ತಡೆದಿದ್ದರು: ಏರಿಸಬೇಡ, ಇಳಿಸಲೂಬೇಡ. ಹೊನ್ನಕ್ಕ ಗಂಡನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ಇಲ್ನೋಡು, ಇಕಾ ಇಲ್ನೋಡು ಕಣಯ್ಯ,” ಎನ್ನುತ್ತಲೇ ಇದ್ದಳು. ಎಷ್ಟು ಹೊತ್ತೋ. ಮೊದಲು ಬೆರಳು ನಿಂತವು. ಆಮೇಲೆ ಕೆನ್ನೆ. ಅವನು ಉಗುಳು ನುಂಗಿ, “ಬಾಯಿ ಒಣಗ್ತದೆ,” ಎಂದ.

ಅವಳು ಸೆರಗಿನಿಂದ ಅವನ ತುಟಿ ಒರೆಸಿದಳು. ಇಪ್ಪತ್ತೇಳಕ್ಕೇ ಹೀಗಾದರೆ, ತಾನು ಕೇಳಿದ ಹಾಗೆ ಏರಿಸಿದ್ದರೆ?

ಹದಿನೈದು ನಿಮಿಷ ಸುಮ್ಮನೆ ಕಳೆಯಿತು. ಗಾಜಿನಲ್ಲಿ ಡಾಕ್ಟರು ಮುಸುಕು ಇಡು ಎಂದು ಸನ್ನೆ ಮಾಡಿದರು. ಅವಳ ಕೈ ಏಳಲಿಲ್ಲ. ಅವರು ಮತ್ತೆ ಸನ್ನೆ ಮಾಡಿದರು, ಈ ಸಲ ಮೆಲ್ಲಗೆ, ಕೇಳಿಕೊಳ್ಳುವವರ ಹಾಗೆ.

“ಬ್ಯಾಡ ಕಣಮ್ಮಿ,” ಎಂದ ಮಂಚಯ್ಯ. “ಅದ್ರಲ್ಲಿ ಏನೋ ಅದೆ. ತಲೆ ತಿರುಗ್ತದೆ.”

“ನಂಗೂ ಬ್ಯಾಡ. ಆದ್ರೂ ಇಡ್ತೀನಿ. ನಾನು ನೋಡ್ತಾ ಇರ್ತೀನಿ ಕಣಯ್ಯ, ರೆಪ್ಪೆ ವಡಿಯಲ್ಲ.”

ಇಟ್ಟಳು. ಎಣಿಸಿದಳು. ಅವನ ತುಟಿ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಕಣ್ಣಲ್ಲಿ ನೀರು ಇಳಿದರೂ ಒರೆಸಿಕೊಳ್ಳಲಿಲ್ಲ. ಆ ಸುತ್ತು ಮುಗಿಯಿತು, ಬಿಡುವು ಮುಗಿಯಿತು, ಮೂರನೆಯ ಸುತ್ತು ಅರ್ಧವಾಯಿತು. ಕೂತು ಕೂತು ಅವಳ ಸೊಂಟ ಸೆಟೆದಿತ್ತು. ಸ್ವಲ್ಪ ಜರುಗಿ ಅವನ ಕಾಲಿನ ಮೇಲೆಯೇ ಒರಗಿದ್ದಳು. ಮುಸುಕಿನೊಳಗಿಂದ ಅವನು ಏನೋ ಗೊಣಗಿದ. ಅವಳಿಗೆ ಜೀವ ಹೋದ ಹಾಗಾಗಿ ಮುಸುಕು ಎತ್ತಿದಳು.

“ಕಾಲ್ ಮ್ಯಾಲಿಂದ ಏಳಮ್ಮಿ,” ಎಂದ ಮಂಚಯ್ಯ. “ಭಾರ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಪಿನ್ನು ಹುಡುಕಲು ಹೋಗಿ ಅದು ಸಿಗದೆ, ಅವನ ಬಲ ಪಾದವನ್ನು ಉಗುರಿನಿಂದ ಗಿಲ್ಲಿದಳು. “ಏಯ್!” ಎಂದ. ಅವಳು ಗಾಜಿನ ಕಡೆ ತಿರುಗಿ ಏನು ಸನ್ನೆ ಮಾಡಬೇಕೆಂದು ತಿಳಿಯದೆ ತನ್ನ ಕಾಲನ್ನೇ ಎತ್ತಿ ಆಡಿಸಿ ತೋರಿಸಿದಳು. ಗಂಗಾಧರಯ್ಯ ಕನ್ನಡಕ ತೆಗೆದು ಮುಖ ಒರೆಸಿಕೊಳ್ಳುವುದು ಕಂಡಿತು.

ಇಷ್ಟಕ್ಕೇ ಮುಗಿಯಲಿಲ್ಲ. ಗಾಳಿ ಇಳಿಸಲು ಶುರುಮಾಡಿದಾಗ ಪೀಪಾಯಿಯೊಳಗೆ ಮಂಜು ಕವಿದು ಗಂಡನ ಮುಖವೇ ಮಸುಕಾಯಿತು. ಒದ್ದೆ ತಲೆಯಲ್ಲಿ ಅವಳು ಚಳಿಗೆ ನಡುಗಿದಳು. ಮುಳ್ಳು ಅರ್ಧ ಗಂಟೆ ಹಿಡಿದು ಕೆಳಗಿನ ಪ್ಲಾಸ್ಟರಿಗೆ ಬಂತು. ಅಲ್ಲಿ ಎರಡು ಗಂಟೆಗೂ ಮೇಲೆ ಇರಬೇಕಿತ್ತು. ಬಲಗಾಲು ಮಡಿಸಲು ಬಂದ ಮಂಚಯ್ಯನಿಗೆ ತಾಳ್ಮೆ ತಪ್ಪಿತು.

“ಕಾಲು ಬಂತಲ್ಲ, ಬಾಗ್ಲು ತೆಗ್ಸು. ವೊರಗೋಗ್ಬೇಕು ನಾನು. ಉಸ್ರು ಕಟ್ತದೆ ಇಲ್ಲಿ.”

“ಇಲ್ಲ.”

“ಮಾದಿ ಕತೆ ಏನಾಯ್ತೋ ಏನೋ. ನೀನೊಂದು ಬಡುದ್ರೆ ತೆಗೀತಾರೆ ಕಣೇ.”

“ಬಡಿಯಲ್ಲ,” ಎಂದಳು. ಕೊಡತಿಯನ್ನು ಸೆರಗಿನೊಳಗೆ ಸುತ್ತಿ ಅದರ ಮೇಲೆ ಕೂತಳು. ಅವನು ಬೈದ, ಗೋಗರೆದ, ಕೊನೆಗೆ ಸುಮ್ಮನಾದ. ಅವಳ ಕಣ್ಣು ಮುಳ್ಳಿನ ಮೇಲಿತ್ತು. ಅದು ಒಂದು ಕೂದಲು ಕೆಳಗಿಳಿದರೂ ಷಡಕ್ಷರಿ ಹೊರಗಿನಿಂದ ಸರಿಮಾಡುತ್ತಿದ್ದ. ಆ ಐದು ಗಂಟೆಯಲ್ಲಿ ಅವನು ನೀರು ಕುಡಿಯಲೂ ವಾಲ್ವು ಬಿಟ್ಟು ಹೋಗಿರಲಿಲ್ಲ. ಕೊನೆಯ ಅರ್ಧ ಗಂಟೆ ಡಾಕ್ಟರ ಸನ್ನೆಯಂತೆ ಅವಳೂ ಸರದಿಯಲ್ಲಿ ಮುಸುಕು ಹಿಡಿದು ಉಸಿರಾಡಿದಳು. ವಾಸನೆಯಿಲ್ಲ, ರುಚಿಯಿಲ್ಲ, ತಣ್ಣನೆಯ ಗಾಳಿ ಅಷ್ಟೇ.

ಬಾಗಿಲು ತೆರೆದಾಗ ಹೊರಗೆ ಇನ್ನೂ ಬಿಸಿಲಿತ್ತು. ಇಬ್ಬರು ಹೆಗಲು ಕೊಟ್ಟರು. ಮಂಚಯ್ಯ ನಿಂತ. ಬಲಗಾಲು ಇಟ್ಟ. ಎಡಗಾಲು ಮರಳಿನಲ್ಲಿ ಗೀಟು ಎಳೆಯುತ್ತ ಹಿಂದೆ ಬಂತು.

ಆಮೇಲೆ ನಾಲ್ಕು ದಿನ, ದಿನಕ್ಕೆ ಒಂದು ಹೊತ್ತು, ಗಂಗಾಧರಯ್ಯ ಹಾಸನದಿಂದ ಸಿಲಿಂಡರು ತಂದು ಹದಿಮೂರು ಪೌಂಡಿನಲ್ಲಿ ಆಕ್ಸಿಜನ್ ಕೊಡಿಸಿದರು. ಪ್ರತಿ ಸಲವೂ ಹೊನ್ನಕ್ಕನೇ ಒಳಗೆ ಹೋದಳು. ಮೂರನೆಯ ದಿನ ಎಡಗಾಲಿನ ಹೆಬ್ಬೆರಳು ಆಡಿತು. ಐದನೆಯ ದಿನ ಅವನು ಕೋಲು ಹಿಡಿದು ಹೊಳೆಯವರೆಗೆ ಒಬ್ಬನೇ ಹೋಗಿ ಬಂದ. ಎಡ ಅಂಗಾಲಿಗೆ ಬಿಸಿ ತಣ್ಣಗೆ ಗೊತ್ತಾಗುತ್ತಿರಲಿಲ್ಲ. ಅದು ಹಾಗೇ ಉಳಿಯಬಹುದು ಎಂದರು ಡಾಕ್ಟರು. ಷಡಕ್ಷರಿಯನ್ನು ಇಂಜಿನಿಯರು ಗಾಳಿಯ ಕೆಲಸದಿಂದ ತೆಗೆದು ರಿಪೇರಿ ಷೆಡ್ಡಿಗೆ ಹಾಕಿದ. ಅವನು ಎದುರಾಡಲಿಲ್ಲ. ಅಷ್ಟರಲ್ಲಿ ಊರಿನಿಂದ ಸಣ್ಣಯ್ಯನೇ ಬಂದು, ಗಂಡಿನವರು ಅವತ್ತು ಬಂದು ವಿಷಯ ಕೇಳಿ ಹಾಗೇ ಹೊರಟುಹೋದರು, ಇನ್ನೊಂದು ದಿನ ಬರುತ್ತೇವೆ ಎಂದಿದ್ದಾರೆ, ಬಂದರೆ ನೋಡೋಣ ಎಂದು ಹೇಳಿ ಹೋದ.

ಕೊನೆಯ ದಿನ ಗಂಗಾಧರಯ್ಯ ಪೀಪಾಯಿಯ ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಬರೆಯುತ್ತಿದ್ದರು. ಕೊಚ್ಚಿಯ ಸ್ನೇಹಿತರೊಬ್ಬರಿಗೆ ಎಲ್ಲವನ್ನೂ ತಿಳಿಸಬೇಕು ಎಂದರು. ಹೊನ್ನಕ್ಕನನ್ನು ಕರೆದು ಎದುರಿಗೆ ಕೂರಿಸಿಕೊಂಡರು.

“ತುಟಿ ಅದುರಿದ್ದು ಯಾವಾಗ? ಎರಡನೇ ಸುತ್ತು ಶುರುವಾಗಿ ಎಷ್ಟು ಹೊತ್ತಿಗೆ?”

“ನೂರೆಂಬತ್ತು ಉಸ್ರಿಗೆ ಸಾ.”

ಅವರು ಪೆನ್ನು ನಿಲ್ಲಿಸಿ ನೋಡಿದರು. “ಎಣಿಸ್ತಿದ್ದೆಯಾ?”

“ಬ್ಯಾರೆ ಏನ್ ಮಾಡನ ಸಾ, ಗಡಿಯಾರ ಇರ್ನಿಲ್ಲ.” ಅವಳು ಸ್ವಲ್ಪ ಹೊತ್ತು ಸೆರಗಿನ ಅಂಚು ಸುತ್ತಿದಳು. “ಸಾ, ನಾನು ಎರಡೆರಡು ಸಲ ಬಡುದ್ನಲ್ಲ, ಏರ್ಸಿ ಅಂತ. ನಿಮ್ಮುನ್ನ ಮನಸ್ನಾಗೆ ಬೈಕಂಡೆ. ನೀವು ನನ್ ಮಾತು ಕೇಳಿದ್ರೆ ಇವ್ರು ಅಲ್ಲೇ ವೋಗ್ಬುಡ್ತಿದ್ರು.”

ಗಂಗಾಧರಯ್ಯ ಪೆನ್ನು ಕೆಳಗಿಟ್ಟರು. ಹೊಳೆಯ ನಡುವೆ ಮೂರನೆಯ ಬಾವಿಯ ಮೇಲೆ ಹೊಸಬನೊಬ್ಬ ವಾಲ್ವಿನ ಮುಂದೆ ನಿಂತಿದ್ದ.

“ನೀನು ಎರಡನೇ ಸಲ ಬಡಿದಾಗ ನನ್ನ ಕೈ ವಾಲ್ವಿನ ಮೇಲೇ ಇತ್ತಮ್ಮ,” ಎಂದರು. “ಮೂವತ್ತೈದಕ್ಕೆ ಏರಿಸೋಣ ಅಂತ ಆಗಲೇ ಮನಸ್ಸು ಮಾಡಿಬಿಟ್ಟಿದ್ದೆ. ಷಡಕ್ಷರಿ ಚಕ್ರ ಬಿಡಲಿಲ್ಲ. ‘ಇಪ್ಪತ್ತೇಳು ಅಂತ ನೀವೇ ಹೇಳಿದ್ರಿ ಸಾ, ಬೆಳಿಗ್ಗೆ ಒಂದ್ಸಲ ಬೇರೆಯೋರ ಮಾತಿಗೆ ಕೈ ತಿರುಗಿಸಿ ಸಾಕಾಗಿದೆ’ ಅಂದ.”

ಅದನ್ನೂ ಅವರು ಕಾಗದದಲ್ಲಿ ಬರೆದರೋ ಇಲ್ಲವೋ ಹೊನ್ನಕ್ಕನಿಗೆ ತಿಳಿಯಲಿಲ್ಲ. ಅವಳು ಎದ್ದು ರಿಪೇರಿ ಷೆಡ್ಡಿನ ಕಡೆ ನಡೆದಳು. ಷಡಕ್ಷರಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದರೂ ಮಾತು ಕೂಡಿಬರಲಿಲ್ಲ. ಅವನು ಬಾಗಿಲಲ್ಲಿ ಕೂತು ಪೈಪಿನ ತುಕ್ಕು ಉಜ್ಜುತ್ತಿದ್ದ. ಅವಳನ್ನು ಕಂಡು, “ಎಂಗವ್ನೆ?” ಎಂದ.

“ಹೊಳೆಗಂಟ ನಡುದ್ರು ಸಾಮಿ,” ಎಂದು ಅವಳು ಅಲ್ಲೇ, ಮೆಟ್ಟಿಲ ಮೇಲೆ, ಕೂತುಕೊಂಡಳು.